ಕಲಾವಿದರ ಪುಟ ವಿಕಿಪೀಡಿಯದಲ್ಲಿ ಇರಬೇಕೋ ಬೇಡವೋ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರಿಗೆ ಜನ ಜಾಸ್ತಿ ಕೇಳುವುದು ಎಡಿಟ್ ಮಾಡುವುದು ಹೇಗೆ ಅಂತಲ್ಲ, ‘ಇವರ ಪುಟ ಯಾಕೆ ತೆಗೆದರು’ ಅಂತ. ಚಿತ್ರ ಬರೆಯುವವರು, ಶಿಲ್ಪಿಗಳು, ಗೊಂಬೆಯಾಟದವರು, ಅವರ ಮಕ್ಕಳು, ಶಿಷ್ಯರು ಮಾತಿನಲ್ಲೂ ಪತ್ರದಲ್ಲೂ ಕಾಮೆಂಟಿನಲ್ಲೂ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ದೊಡ್ಡ ಚರ್ಚೆಗಳೆಲ್ಲ ಇಂಗ್ಲಿಷ್ ವಿಕಿಪೀಡಿಯದಲ್ಲೇ ನಡೆಯುವುದರಿಂದ ಉತ್ತರಗಳಲ್ಲಿ ಅಲ್ಲಿನ ನಿಯಮಗಳೇ ಹೆಚ್ಚು. ಕನ್ನಡದ್ದು ಬೇರೆ ಇರುವ ಕಡೆ ಹಾಗಂತ ಹೇಳಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಇಷ್ಟು ಒಳ್ಳೆಯ ಕಲಾವಿದರ ಪುಟ ಅಳಿಸಿದ್ದಾರೆ. ಅಂದ್ರೆ ಅವರ ಕಲೆ ಚೆನ್ನಾಗಿಲ್ಲ ಅಂತಾನಾ?

ಅಲ್ಲ. ಪುಟ ಉಳಿಸಬೇಕೋ ಅಳಿಸಬೇಕೋ ಅಂತ ವಿಕಿಪೀಡಿಯದಲ್ಲಿ ಬರೆಯುವವರು ಸೇರಿ ಚರ್ಚೆ ಮಾಡುತ್ತಾರೆ. ಈ ಚರ್ಚೆಯಲ್ಲಿ ಯಾರೂ ಚಿತ್ರಕ್ಕೆ ಮಾರ್ಕ್ಸ್ ಹಾಕುವುದಿಲ್ಲ. ಅಲ್ಲಿ ಕೇಳುವುದು ಒಂದೇ: ಈ ಕಲಾವಿದರಿಗೆ ಸಂಬಂಧವಿಲ್ಲದ ಜನ, ನಂಬುವಂಥ ಜಾಗದಲ್ಲಿ, ಇವರ ಬಗ್ಗೆ ಸ್ವಲ್ಪ ವಿವರವಾಗಿ ಬರೆದಿದ್ದಾರಾ? ಬರೆದಿದ್ದರೆ ಅದನ್ನು ಓದಿ ಪುಟ ಕಟ್ಟಬಹುದು. ಬರೆದಿಲ್ಲ ಅಂದರೆ ಪುಟದಲ್ಲಿ ಏನು ಬರೆದರೂ ಅದು ಬರೆದವರ ಸ್ವಂತ ಮಾತಾಗುತ್ತದೆ, ಇನ್ನೊಬ್ಬರು ತಾಳೆ ನೋಡಲು ದಾರಿ ಇರುವುದಿಲ್ಲ. ಇದೊಂದು ಮನಸ್ಸಿಗೆ ಬಂದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಹಾಗೆ.

ಹಾಗಾದ್ರೆ ಪುಟ ಉಳಿಯೋಕೆ ಏನೇನಿರಬೇಕು?

ಎಲ್ಲ ವಿಷಯಗಳಿಗೂ ಅನ್ವಯಿಸುವ ನಿಯಮ ಮೇಲೆ ಹೇಳಿದ್ದೇ. ಕಲಾವಿದರಿಗೆ ಅಂತ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬೇರೆ ಕೆಲವು ದಾರಿಗಳೂ ಇವೆ. ಆ ಕ್ಷೇತ್ರದವರು ಇವರನ್ನು ಮುಖ್ಯರು ಅಂತ ಒಪ್ಪಿರಬೇಕು. ಇಲ್ಲವೇ ಹೊಸ ಶೈಲಿಯನ್ನೋ ತಂತ್ರವನ್ನೋ ಹುಟ್ಟುಹಾಕಿದ್ದಕ್ಕೆ ಹೆಸರಾಗಿರಬೇಕು. ಇಲ್ಲವೇ ಇವರ ಕೃತಿ ದೊಡ್ಡ ಪ್ರದರ್ಶನವೊಂದರ ಮುಖ್ಯ ಭಾಗವಾಗಿರಬೇಕು, ವಿಮರ್ಶಕರ ಗಮನ ಸೆಳೆದಿರಬೇಕು, ಅಥವಾ ಹೆಸರಾಂತ ಹಲವು ಗ್ಯಾಲರಿ, ಮ್ಯೂಸಿಯಂಗಳ ಶಾಶ್ವತ ಸಂಗ್ರಹದಲ್ಲಿರಬೇಕು.

ಕೊನೆಯದರಲ್ಲಿ ‘ಹಲವು’ ಮತ್ತು ‘ಶಾಶ್ವತ’ ಎರಡನ್ನೂ ಗಮನಿಸಿ. ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ 2009ರಲ್ಲಿ ಬಾಗಿಲು ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಒಂದು ವಾರ ಚಿತ್ರ ತೂಗುಹಾಕಿದ್ದು ಬೇರೆ, ಆ ಗ್ಯಾಲರಿ ಚಿತ್ರವನ್ನು ತನ್ನ ಸಂಗ್ರಹಕ್ಕೆ ತೆಗೆದುಕೊಂಡದ್ದು ಬೇರೆ. ಎರಡನೆಯದಾದರೆ ಗ್ಯಾಲರಿಯ ಪಟ್ಟಿಯಲ್ಲೋ ಪ್ರಕಟಣೆಯಲ್ಲೋ ಅದು ಕಾಣಬೇಕು. ಕಲಾವಿದರ ಬಯೋಡೇಟಾದಲ್ಲಿ ಇದ್ದರೆ ಸಾಲದು.

ಮೂವತ್ತು ವರ್ಷದಿಂದ ಚಿತ್ರ ಬರೀತಿದ್ದಾರೆ, ನಲವತ್ತು ಪ್ರದರ್ಶನ ಆಗಿದೆ. ಇದು ಸಾಲದಾ?

ಪ್ರದರ್ಶನಗಳ ಲೆಕ್ಕ ಮಾತ್ರ ಕೊಟ್ಟರೆ ಸಾಲದು. ದುಡ್ಡು ಕಟ್ಟಿದರೆ ಬಾಡಿಗೆಗೆ ಸಿಗುವ ಗ್ಯಾಲರಿಗಳು ಎಷ್ಟೋ ಇವೆ. ಪ್ರತಿ ವರ್ಷ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ನಮ್ಮ ಊರಿನ ಹೆಮ್ಮೆ. ಆದರೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಮಳಿಗೆ ಹಾಕುತ್ತಾರೆ. ‘ಚಿತ್ರಸಂತೆಯಲ್ಲಿ ಭಾಗವಹಿಸಿದ್ದಾರೆ’ ಅನ್ನುವ ಸಾಲಿನಿಂದ ಚರ್ಚೆ ಯಾವ ಕಡೆಗೂ ವಾಲುವುದಿಲ್ಲ. ನಲವತ್ತರಲ್ಲಿ ಯಾವುದಾದರೂ ಒಂದನ್ನು ನೋಡಿ ವಿಮರ್ಶಕರೊಬ್ಬರು ನಾಲ್ಕು ಪ್ಯಾರಾ ಬರೆದಿದ್ದರೆ, ಉಳಿದ ಮೂವತ್ತೊಂಬತ್ತಕ್ಕಿಂತ ಅದಕ್ಕೆ ತೂಕ ಜಾಸ್ತಿ.

ಇನ್‌ಸ್ಟಾಗ್ರಾಮ್‌ನಲ್ಲಿ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದಾರೆ. ಅದನ್ನು ನೋಡೋದೇ ಇಲ್ವಾ?

ನೋಡುವುದಿಲ್ಲ. ಆ ಜನಪ್ರಿಯತೆಯ ಬಗ್ಗೆ ಪತ್ರಿಕೆಯೋ ಪುಸ್ತಕವೋ ಬರೆದರೆ, ಆ ಬರಹವನ್ನು ನೋಡುತ್ತಾರೆ.

ಇರೋದೆಲ್ಲ ಕನ್ನಡ ಪತ್ರಿಕೆಗಳಲ್ಲಿ, ಅದೂ ಹಳೆಯ ಕಾಗದದ ಪ್ರತಿಗಳಲ್ಲಿ. ಲಿಂಕ್ ಇಲ್ಲ. ಲೆಕ್ಕಕ್ಕೆ ಬರುತ್ತಾ?

ಖಂಡಿತ ಬರುತ್ತದೆ. ಆಧಾರ ಇಂಗ್ಲಿಷಿನಲ್ಲೇ ಇರಬೇಕು, ಇಂಟರ್ನೆಟ್ಟಿನಲ್ಲೇ ಸಿಗಬೇಕು ಅಂತ ಇಂಗ್ಲಿಷ್ ವಿಕಿಪೀಡಿಯದಲ್ಲೂ ನಿಯಮವಿಲ್ಲ. ಪ್ರಜಾವಾಣಿಯ ಭಾನುವಾರದ ಪುರವಣಿ, ಉದಯವಾಣಿ, ಸುಧಾ, ಮಯೂರ, ತರಂಗ, ಲಲಿತಕಲಾ ಅಕಾಡೆಮಿಯ ಪುಸ್ತಕ, ಎಲ್ಲವನ್ನೂ ಕೊಡಬಹುದು. ಬರೆದವರ ಹೆಸರು, ಲೇಖನದ ತಲೆಬರಹ, ಪತ್ರಿಕೆ, ದಿನಾಂಕ, ಪುಟಸಂಖ್ಯೆ ಪೂರ್ತಿ ಹಾಕಿ.

ಚರ್ಚೆ ನಡೆಯುವಾಗ ಒಂದು ಕೆಲಸ ಜೊತೆಗೆ ಮಾಡಿ. ಕನ್ನಡ ಬಾರದವರು ಅಲ್ಲಿ ಕುಳಿತಿರುತ್ತಾರೆ. ಲೇಖನದಿಂದ ಎರಡು ಮೂರು ವಾಕ್ಯ ಎತ್ತಿ, ಇಂಗ್ಲಿಷಿಗೆ ಅನುವಾದಿಸಿ, ‘ಇದು ಅರ್ಧ ಪುಟದ ವಿಮರ್ಶೆ, ಬರೆದವರು ಕಲಾ ವಿಮರ್ಶಕರು’ ಅಂತ ತಿಳಿಸಿ. ಗೂಗಲ್‌ನಲ್ಲಿ ಹುಡುಕಿ ಏನೂ ಸಿಗಲಿಲ್ಲ ಅಂತ ‘ಅಳಿಸಿ’ ಬರೆದವರು ಇದನ್ನು ಓದಿದ ಮೇಲೆ ಮನಸ್ಸು ಬದಲಾಯಿಸುವುದು ಅಪರೂಪವೇನಲ್ಲ.

## ಚರ್ಚೆ ಶುರುವಾದ ಮೇಲೆ

ಪುಟದ ಮೇಲೆ ‘ಅಳಿಸಲು ಸೂಚಿಸಲಾಗಿದೆ’ ಅಂತ ಪಟ್ಟಿ ಬಂದಿದೆ. ಮುಂದೇನು?

ಗಾಬರಿ ಬೇಡ, ಆ ಪಟ್ಟಿಯನ್ನು ಕಿತ್ತುಹಾಕಲೂ ಬೇಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥ ಚರ್ಚೆ ಸಾಮಾನ್ಯವಾಗಿ 7 ದಿನ ನಡೆಯುತ್ತದೆ. ಜನ ಕಡಿಮೆ ಬಂದರೆ ಇನ್ನೂ ಒಂದು ವಾರ ಮುಂದುವರಿಯುತ್ತದೆ. ‘ಉಳಿಸಿ’, ‘ಅಳಿಸಿ’ ಎರಡೇ ಅಲ್ಲ, ಬೇರೆ ತೀರ್ಮಾನಗಳೂ ಆಗಬಹುದು: ಇನ್ನೊಂದು ಪುಟಕ್ಕೆ ಸೇರಿಸಬಹುದು, ಅಲ್ಲಿಗೆ ದಾರಿ ತಿರುಗಿಸಬಹುದು, ಇನ್ನೂ ತಿದ್ದಬೇಕಾದ ಕರಡು ಪ್ರತಿಯಾಗಿ ಹಿಂದಕ್ಕೆ ಕಳಿಸಬಹುದು. ಒಮ್ಮತ ಬರಲಿಲ್ಲ ಅಂತ ಮುಚ್ಚಿದರೆ ಪುಟ ಸಾಮಾನ್ಯವಾಗಿ ಉಳಿಯುತ್ತದೆ.

ಈ ಚರ್ಚೆಯೇ ಇಲ್ಲದೆ ಪುಟ ಹೋಗುವುದೂ ಉಂಟು. ಈ ವ್ಯಕ್ತಿ ಯಾಕೆ ಮುಖ್ಯ ಅಂತ ಪುಟದಲ್ಲಿ ಒಂದು ಸಾಲೂ ಇಲ್ಲದಿದ್ದರೆ ತಕ್ಷಣ ಅಳಿಸಬಹುದು. ಬದುಕಿರುವವರ ಬಗ್ಗೆ ಒಂದೂ ಆಧಾರವಿಲ್ಲದೆ ಬರೆದಿದ್ದರೆ ಒಂದು ವಾರದ ಗಡುವು ಕೊಟ್ಟು ತೆಗೆಯಬಹುದು.

ಶಿಷ್ಯರು, ಅಭಿಮಾನಿಗಳು ಎಲ್ಲರಿಂದ ‘ಉಳಿಸಿ’ ಅಂತ ಬರೆಸಿಬಿಟ್ರೆ?

ದಯವಿಟ್ಟು ಮಾಡಬೇಡಿ. ಅದು ವೋಟಿಂಗ್ ಅಲ್ಲ. ಚರ್ಚೆ ಮುಚ್ಚುವವರು ತಲೆ ಎಣಿಸುವುದಿಲ್ಲ, ವಾದ ನೋಡುತ್ತಾರೆ. ನಿನ್ನೆ ತಾನೇ ತೆರೆದ ಇಪ್ಪತ್ತು ಖಾತೆಗಳಿಂದ ‘ಇವರು ಮಹಾನ್ ಕಲಾವಿದರು, ಉಳಿಸಿ’ ಅಂತ ಬಂದರೆ ಅವನ್ನು ಪಕ್ಕಕ್ಕಿಡುತ್ತಾರೆ. ಒಬ್ಬರೇ ಹಲವು ಹೆಸರಿನಲ್ಲಿ ಬರೆದಿದ್ದು ಗೊತ್ತಾದರೆ ಆ ಖಾತೆಗಳನ್ನು ತಡೆಹಿಡಿಯುತ್ತಾರೆ. ಎಲ್ಲಕ್ಕಿಂತ ಬೇಸರದ ವಿಷಯ ಅಂದರೆ, ಇದೇನೂ ಗೊತ್ತಿಲ್ಲದ ಆ ಕಲಾವಿದರ ಹೆಸರಿಗೇ ಪ್ರಚಾರದ ಮಸಿ ಅಂಟಿಕೊಳ್ಳುತ್ತದೆ. ಮುಂದೆ ನಿಜವಾದ ಆಧಾರ ಹಿಡಿದು ಬಂದವರನ್ನೂ ಅನುಮಾನದಿಂದಲೇ ನೋಡುತ್ತಾರೆ.

ಹನ್ನೊಂದು ಉಲ್ಲೇಖ ಕೊಟ್ಟಿದ್ದೆ. ಆದರೂ ‘ಆಧಾರ ಸಾಲದು’ ಅಂದ್ರು. ಯಾಕೆ?

ಎಲ್ಲರೂ ಎಡವುವುದು ಇಲ್ಲೇ. ಒಬ್ಬ ಚಿತ್ರಕಲಾವಿದರ ಪುಟ ಅಂತ ಇಟ್ಟುಕೊಳ್ಳಿ. ಆ ಹನ್ನೊಂದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಮೂರು ಉಲ್ಲೇಖ ಪ್ರದರ್ಶನದ ಉದ್ಘಾಟನೆಯ ಸುದ್ದಿಗಳು. ಮೂರು ಬೇರೆ ಬೇರೆ ಪತ್ರಿಕೆ, ಆದರೆ ವಾಕ್ಯಗಳು ಒಂದೇ, ಫೋಟೋ ಕೂಡ ಅದೇ. ಆಯೋಜಕರು ಕಳಿಸಿದ ಪ್ರೆಸ್ ನೋಟ್ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಎರಡು ಸಂದರ್ಶನಗಳು. ಅಲ್ಲಿರುವುದು ಕಲಾವಿದರು ತಮ್ಮ ಬಗ್ಗೆ ತಾವೇ ಹೇಳಿದ್ದು. ಹುಟ್ಟಿದ ಊರು, ಓದಿದ ಶಾಲೆ ತಿಳಿಯಲು ಬಳಸಬಹುದು, ಮಹತ್ವ ತೋರಿಸಲು ಆಗದು. ಒಂದು ಗ್ಯಾಲರಿಯ ಕ್ಯಾಟಲಾಗು. ಚೆನ್ನಾಗಿ ಬರೆದಿದ್ದಾರೆ, ಆದರೆ ಬರೆಸಿದವರು ಅದೇ ಚಿತ್ರಗಳನ್ನು ಮಾರುವವರು. ಎರಡು ಕಲಾವಿದರ ಸ್ವಂತ ವೆಬ್‌ಸೈಟ್ ಮತ್ತು ಫೇಸ್‌ಬುಕ್ ಪುಟ. ಒಂದು ಪತ್ರಿಕೆಯ ‘ನಗರದಲ್ಲಿ ಇಂದು’ ಕಾಲಂ: ಸ್ಥಳ, ಸಮಯ ಅಷ್ಟೇ. ಒಂದು ಪುಸ್ತಕ, ಅದರಲ್ಲಿ ಇಪ್ಪತ್ತು ಹೆಸರಿನ ಸಾಲಿನಲ್ಲಿ ಇವರದೂ ಒಂದು.

ಹನ್ನೊಂದನೆಯದು ಭಾನುವಾರದ ಪುರವಣಿಯಲ್ಲಿ ಕಲಾ ವಿಮರ್ಶಕರೊಬ್ಬರು ಬರೆದ ಅರ್ಧ ಪುಟದ ಲೇಖನ. ಈ ಕಲಾವಿದರ ಬಣ್ಣ ಹತ್ತು ವರ್ಷದಲ್ಲಿ ಹೇಗೆ ಬದಲಾಯಿತು, ಯಾವ ಸರಣಿ ಗೆದ್ದಿತು, ಯಾವುದು ಸೋತಿತು ಅಂತ ಅದರಲ್ಲಿದೆ. ಲೆಕ್ಕಕ್ಕೆ ಬರುವುದು ಇದೊಂದೇ.

ಹೀಗಾಗಿ ಹನ್ನೆರಡನೆಯ ಉಲ್ಲೇಖ ಸೇರಿಸಲು ಹೋಗಬೇಡಿ. ಹನ್ನೊಂದನೆಯದರಂಥ ಇನ್ನೂ ಎರಡು ಹುಡುಕಿ. ಚರ್ಚೆಯಲ್ಲಿ ನಿಮ್ಮ ಅತಿ ಗಟ್ಟಿ ಆಧಾರ ಮೂರನ್ನು ಮಾತ್ರ ಮುಂದಿಡಿ. ರಾಶಿ ಹಾಕಿದರೆ ಓದುವವರು ಮೊದಲ ಎರಡು ನೋಡಿ ಎದ್ದು ಹೋಗುತ್ತಾರೆ, ಅವೆರಡೂ ಪ್ರೆಸ್ ನೋಟ್ ಆಗಿದ್ದರೆ ಕಥೆ ಮುಗಿಯಿತು. ಭಾರತದ ಪತ್ರಿಕೆಗಳಲ್ಲಿ ಕಾಸು ಕೊಟ್ಟು ಹಾಕಿಸುವ ಬರಹಗಳ ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಪ್ರತ್ಯೇಕ ಎಚ್ಚರಿಕೆಯ ಟಿಪ್ಪಣಿಯೇ ಇದೆ. ನಮ್ಮ ಆಧಾರಗಳನ್ನು ಒಂದು ಪಟ್ಟು ಜಾಸ್ತಿ ಜಾಲಾಡುತ್ತಾರೆ ಅಂತ ಗೊತ್ತಿದ್ದೇ ಹೋಗಿ.

ಪ್ರಶಸ್ತಿ ಬಂದಿದೆಯಲ್ಲ, ಅಷ್ಟು ಸಾಕಲ್ವಾ?

ಯಾವ ಪ್ರಶಸ್ತಿ ಅನ್ನುವುದರ ಮೇಲಿದೆ. ಪದ್ಮ ಪ್ರಶಸ್ತಿಗಳು, ಕೇಂದ್ರ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ, ರಾಜ್ಯ ಸರ್ಕಾರದ ವರ್ಣಶಿಲ್ಪಿ ಕೆ. ವೆಂಕಟಪ್ಪ ಪ್ರಶಸ್ತಿ ಇಂಥವು ಗಟ್ಟಿ. ರಾಜ್ಯೋತ್ಸವ ಪ್ರಶಸ್ತಿಗೂ ತೂಕವಿದೆ. ಆದರೆ ಇತ್ತೀಚೆಗೆ ಅದನ್ನು ರಾಜ್ಯಕ್ಕೆ ಎಷ್ಟು ವರ್ಷವಾಯಿತೋ ಅಷ್ಟು ಮಂದಿಗೆ ಕೊಡುತ್ತಾರೆ, 2024ರಲ್ಲಿ 69 ಮಂದಿಗೆ. ಹಾಗಾಗಿ ಹೊರಗಿನವರು ‘ಜೊತೆಗೆ ಇನ್ನೇನಿದೆ’ ಅಂತ ಕೇಳುತ್ತಾರೆ. ಊರಿನ ಸಂಘ ಕೊಟ್ಟ ‘ಕಲಾರತ್ನ’ ಬಿರುದನ್ನು ಪುಟದಲ್ಲಿ ಬರೆಯಬಹುದು, ಚರ್ಚೆಯಲ್ಲಿ ಅದನ್ನೇ ಹಿಡಿದು ವಾದ ಮಾಡಬೇಡಿ.

ನಮ್ಮ ತಂದೆಯವರು ಕಲಾವಿದರು. ಅವರ ಪುಟ ನಾನೇ ಬರೆಯಬಹುದಾ?

ನೇರವಾಗಿ ಬರೆಯದಿದ್ದರೆ ಒಳ್ಳೆಯದು. ಕರಡಾಗಿ ಬರೆದು, ಮಗ ಅಥವಾ ಮಗಳು ಅಂತ ಮೊದಲೇ ತಿಳಿಸಿ, ಬೇರೆಯವರು ಪರಿಶೀಲಿಸಲಿ ಅಂತ ಸಲ್ಲಿಸಿ. ಸಂಬಂಧ ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಒಳ್ಳೆಯ ಆಧಾರವೂ ಸಪ್ಪೆಯಾಗುತ್ತದೆ. ಆರು ತಿಂಗಳು ಯಾರೂ ಮುಟ್ಟದ ಕರಡನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ ಅಳಿಸುತ್ತಾರೆ, ಅದು ನೆನಪಿರಲಿ.

ಮನೆಯವರು ಮಾತ್ರ ಮಾಡಬಲ್ಲ ಒಂದು ಕೆಲಸವಿದೆ. ಟ್ರಂಕಿನಲ್ಲಿರುವ ಪತ್ರಿಕಾ ತುಣುಕುಗಳನ್ನು ತೆಗೆಯಿರಿ. ಕತ್ತರಿಸುವಾಗ ಎಷ್ಟೋ ಮನೆಗಳಲ್ಲಿ ಫೋಟೋ ಮತ್ತು ಹೆಸರು ಇರುವಷ್ಟೇ ಉಳಿಸಿಕೊಂಡಿರುತ್ತಾರೆ, ಪತ್ರಿಕೆ ಯಾವುದು, ದಿನಾಂಕ ಯಾವುದು ಅಂತ ಇರುವುದಿಲ್ಲ. ತುಣುಕಿನ ಹಿಂಬದಿಯ ಜಾಹೀರಾತು, ಸಿನಿಮಾ ಪಟ್ಟಿ ನೋಡಿ ವರ್ಷ ಅಂದಾಜು ಮಾಡಬಹುದು. ಆಮೇಲೆ ಗ್ರಂಥಾಲಯದಲ್ಲಿ ಆ ವರ್ಷದ ಸಂಪುಟ ತೆಗೆದು ದಿನಾಂಕ, ಪುಟ ಗುರುತು ಹಾಕಿಕೊಂಡರೆ ಪುಟ ಬರೆಯುವವರ ಅರ್ಧ ಕೆಲಸ ನೀವೇ ಮುಗಿಸಿದಂತೆ.

ಯಾರೋ ಫೋನ್ ಮಾಡಿ ದುಡ್ಡು ಕೊಟ್ಟರೆ ಪುಟ ಉಳಿಸಿಕೊಡ್ತೀವಿ ಅಂತಿದ್ದಾರೆ. ನಂಬಬಹುದಾ?

ನಂಬಬೇಡಿ. ಪುಟ ಉಳಿಯುತ್ತದೆ ಅಂತ ಖಾತರಿ ಕೊಡುವ ಅಧಿಕಾರ ಯಾರಿಗೂ ಇಲ್ಲ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ‘ಆರೆಂಜ್‌ಮೂಡಿ’ ಅನ್ನುವ ದೊಡ್ಡ ಜಾಲ ಸಿಕ್ಕಿಬಿತ್ತು. 381 ಖಾತೆಗಳನ್ನು ತಡೆಹಿಡಿದರು. ಅವರ ಕೆಲಸ ಹೇಗಿತ್ತು ಗೊತ್ತಾ? ತಿರಸ್ಕಾರವಾದ ಕರಡುಗಳನ್ನು ಹುಡುಕುವುದು, ಅದರಲ್ಲಿರುವ ವ್ಯಕ್ತಿಗೋ ಕಂಪನಿಗೋ ಸಂದೇಶ ಕಳಿಸುವುದು, ದುಡ್ಡು ತೆಗೆದುಕೊಂಡು ಪುಟ ಹಾಕುವುದು, ಆಮೇಲೆ ‘ಕಾಪಾಡಲು’ ತಿಂಗಳು ತಿಂಗಳು ಕೇಳುವುದು. ಜಾಲ ಬಯಲಾದಾಗ ಇನ್ನೂರಕ್ಕೂ ಹೆಚ್ಚು ಪುಟಗಳೂ ಅಳಿಸಿಹೋದವು. ದುಡ್ಡು ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ತಿಳಿಸಲೇಬೇಕು ಅನ್ನುವ ಷರತ್ತು 2014ರಿಂದಲೇ ಇದೆ.

ಚಾಟ್‌ಜಿಪಿಟಿಯಿಂದ ಪುಟ ಬರೆಸಿ ಹಾಕಿದ್ರೆ?

ಬೇಡ. ಇಲ್ಲದ ಪುಸ್ತಕ, ಇಲ್ಲದ ಲೇಖನಗಳನ್ನು ಅದು ಉಲ್ಲೇಖವಾಗಿ ಕೊಟ್ಟುಬಿಡುತ್ತದೆ. ಮನುಷ್ಯರು ಪರಿಶೀಲಿಸದೆ ಹಾಕಿದ ಇಂಥ ಪುಟಗಳನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ 2025ರಿಂದ ಚರ್ಚೆಯಿಲ್ಲದೆ ಅಳಿಸಬಹುದು.

## ಸ್ವಲ್ಪ ಆಳದ ಪ್ರಶ್ನೆಗಳು

ವ್ಯಾನ್ ಗಾಗ್ ಕಾಲದಲ್ಲಿ ವಿಕಿಪೀಡಿಯ ಇದ್ದಿದ್ರೆ ಅವನ ಪುಟವನ್ನೂ ಅಳಿಸ್ತಿದ್ರಿ, ಅಲ್ವಾ?

1889ರಲ್ಲಾಗಿದ್ದರೆ ಬಹುಶಃ ಹೌದು. ಆದರೆ ಮುಂದಿನ ವರ್ಷದ ಕಥೆ ಬೇರೆ. 1890ರ ಜನವರಿಯಲ್ಲಿ ಆಲ್ಬರ್ಟ್ ಒರಿಯೆ ಅನ್ನುವ ತರುಣ ವಿಮರ್ಶಕ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಅವನ ಬಗ್ಗೆ ದೀರ್ಘ ಲೇಖನ ಬರೆದ. ಅದೇ ತಿಂಗಳು ಬ್ರಸೆಲ್ಸ್‌ನ ಪ್ರಮುಖ ಕಲಾವಿದರ ಗುಂಪಿನ ವಾರ್ಷಿಕ ಪ್ರದರ್ಶನದಲ್ಲಿ ಅವನ ಆರು ಚಿತ್ರಗಳಿದ್ದವು. ಇವೆರಡನ್ನು ಹಿಡಿದು ಯಾರಾದರೂ ಚರ್ಚೆಗೆ ಬಂದಿದ್ದರೆ ಪುಟ ಉಳಿಯುವ ಸಾಧ್ಯತೆ ಚೆನ್ನಾಗಿತ್ತು. ಜುಲೈನಲ್ಲಿ ಅವನು ತೀರಿಕೊಂಡ. ಆಮೇಲೆ ಚಿತ್ರಗಳನ್ನು ಜೋಪಾನ ಮಾಡಿ, ಪ್ರದರ್ಶನಗಳಿಗೆ ಕೊಟ್ಟು, 1914ರಲ್ಲಿ ಪತ್ರಗಳನ್ನು ಅಚ್ಚು ಹಾಕಿಸಿದವಳು ತಮ್ಮನ ಹೆಂಡತಿ ಜೋ.

ವಿಶ್ವಕೋಶ ಮುಂದೆ ಓಡಿ ಪ್ರತಿಭೆ ಹುಡುಕುವುದಿಲ್ಲ, ಒರಿಯೆ ಮತ್ತು ಜೋ ಅಂಥವರ ಹಿಂದೆ ನಡೆಯುತ್ತದೆ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1944ರಲ್ಲಿ ತೀರಿಕೊಂಡರು, ಅವರ ಅಮೂರ್ತ ಚಿತ್ರಗಳು ದೊಡ್ಡ ಪ್ರದರ್ಶನಕ್ಕೆ ಬಂದದ್ದು 1986ರಲ್ಲಿ. ನಡುವಿನ ನಲವತ್ತು ವರ್ಷ ಅವರ ಬಗ್ಗೆ ಬರೆಯಲು ಯಾವ ವಿಶ್ವಕೋಶಕ್ಕೂ ಆಧಾರವೇ ಇರಲಿಲ್ಲ ಅನ್ನಬಹುದು.

ತೊಗಲುಗೊಂಬೆ, ಬಿದ್ರಿ, ಹಸೆ ಚಿತ್ತಾರ ಮಾಡೋರ ಬಗ್ಗೆ ಯಾವ ವಿಮರ್ಶಕರು ಬರೀತಾರೆ? ಈ ನಿಯಮವೇ ಅನ್ಯಾಯ ಅಲ್ವಾ?

ನಿಯಮ ಎಲ್ಲರಿಗೂ ಒಂದೇ, ಆದರೆ ಅದರ ಭಾರ ಇವರ ಮೇಲೆ ಜಾಸ್ತಿ ಬೀಳುತ್ತದೆ. ಇದರಲ್ಲಿ ನನಗೆ ಅನುಮಾನವಿಲ್ಲ. ನಗರದ ಗ್ಯಾಲರಿಯಲ್ಲಿ ಮೊದಲ ಪ್ರದರ್ಶನ ಮಾಡುವ ತರುಣರ ಬಗ್ಗೆ ಬರೆಯಲು ಪತ್ರಿಕೆಗಳಲ್ಲಿ ಜಾಗವಿದೆ. ಐವತ್ತು ವರ್ಷ ಊರೂರು ತಿರುಗಿ ಗೊಂಬೆ ಆಡಿಸಿದವರಿಗೆ ಇಲ್ಲ. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ತೊಂಬತ್ತು ದಾಟಿದ ಮೇಲೆ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಬಿದ್ರಿ ಕೆಲಸಕ್ಕಾಗಿ 2023ರಲ್ಲಿ ಬಂತು. ಈಗ ಇವರ ಪುಟದ ಬಗ್ಗೆ ಯಾರೂ ತಕರಾರು ಮಾಡಲಾರರು. ಆದರೆ ಪದ್ಮಶ್ರೀ ಘೋಷಣೆಯಾಗುವ ಹಿಂದಿನ ದಿನವೂ ಅವರ ಕೈಯಲ್ಲಿದ್ದದ್ದು ಅದೇ ಕಲೆ.

ಮ್ಯೂಸಿಯಂ ಸಂಗ್ರಹದ ದಾರಿಯೂ ಇವರಿಗೆ ಸುಲಭವಲ್ಲ. ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾವ್ ಅವರ ಶ್ರಮದಿಂದ ಕೂಡಿಬಂದ ತೊಗಲುಗೊಂಬೆಗಳ ದೊಡ್ಡ ಸಂಗ್ರಹವಿದೆ. ಆದರೆ ಜನಪದ ಕಲೆಯ ಹಳೆಯ ವಸ್ತುಗಳಿಗೆ ಯಾವ ಸಂಗ್ರಹಾಲಯದಲ್ಲೇ ಆಗಲಿ ಊರಿನ ಹೆಸರು ಸಿಕ್ಕಷ್ಟು ಸುಲಭವಾಗಿ ಮಾಡಿದವರ ಹೆಸರು ಸಿಗುವುದಿಲ್ಲ. ಹೆಸರಿಲ್ಲದಿದ್ದರೆ ‘ಶಾಶ್ವತ ಸಂಗ್ರಹದಲ್ಲಿದೆ’ ಅಂತ ಯಾರ ಪುಟದಲ್ಲಿ ಬರೆಯುವುದು?

ಬಾಯಿಮಾತನ್ನೇ ಆಧಾರವಾಗಿ ಒಪ್ಪಬಹುದೇ ಅಂತ 2011ರಲ್ಲಿ ಅಚಲ್ ಪ್ರಭಲ ಮತ್ತು ಗೆಳೆಯರು ಭಾರತ ಮತ್ತು ದಕ್ಷಿಣ ಆಫ್ರಿಕದಲ್ಲಿ ಪ್ರಯತ್ನ ಮಾಡಿದರು. ಹಳ್ಳಿಯ ಜನರ ಮಾತನ್ನು ಧ್ವನಿಮುದ್ರಿಸಿ ಉಲ್ಲೇಖವಾಗಿ ಕೊಟ್ಟರು. ಅದು ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿಯಮವಾಗಿ ಬೇರೂರಲಿಲ್ಲ. ಸದ್ಯಕ್ಕೆ ಇರುವ ದಾರಿ ಅಂದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಅಕಾಡೆಮಿಗಳ ಪ್ರಕಟಣೆಗಳು. ಪಿಎಚ್‌ಡಿ ಪ್ರಬಂಧಗಳಲ್ಲಿ ಒಬ್ಬ ಕಲಾವಿದರ ಬಗ್ಗೆಯೇ ಹಲವು ಪುಟ ಇರುವುದುಂಟು. ಯಾರೂ ತೆರೆದು ನೋಡಿರುವುದಿಲ್ಲ ಅಷ್ಟೇ. ಗೂಗಲ್‌ಗಿಂತ ಮೊದಲು ಅಲ್ಲಿ ಹುಡುಕಿ.

ಹೆಂಗಸರ ಪುಟಗಳನ್ನೇ ಜಾಸ್ತಿ ಅಳಿಸೋಕೆ ಹಾಕ್ತಾರೆ ಅಂತಾರೆ. ನಿಜಾನಾ?

ಸಂಶೋಧನೆ ಹಾಗೇ ಹೇಳುತ್ತದೆ. ಫ್ರಾನ್ಸೆಸ್ಕಾ ಟ್ರಿಪೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಹತೆ ಇರುವ ಮಹಿಳೆಯರ ಪುಟಗಳೂ ಗಂಡಸರವಕ್ಕಿಂತ ಹೆಚ್ಚಾಗಿ ಅಳಿಸುವ ಪಟ್ಟಿಗೆ ಬರುತ್ತವೆ ಅಂತ ಕಂಡುಬಂತು. ಕಲೆಯ ಹೊರಗಿನದಾದರೂ ಎಲ್ಲರೂ ನೆನೆಯುವ ಉದಾಹರಣೆ ಡೋನಾ ಸ್ಟ್ರಿಕ್‌ಲೆಂಡ್ ಅವರದು. ಈ ಭೌತವಿಜ್ಞಾನಿಯ ಕರಡು 2018ರ ಮೇ ತಿಂಗಳಲ್ಲಿ ತಿರಸ್ಕಾರವಾಯಿತು. ಅಕ್ಟೋಬರ್ 2ರಂದು ಅವರಿಗೆ ನೊಬೆಲ್ ಬಂತು, ಪುಟ ಬಂದದ್ದೂ ಅವತ್ತೇ. ಕರಡಿನಲ್ಲಿ ಸ್ವತಂತ್ರ ಆಧಾರ ಕಡಿಮೆ ಇತ್ತು ಅನ್ನುವುದು ನಿಜ. ಆಧಾರ ಯಾಕೆ ಕಡಿಮೆ ಇತ್ತು ಅಂತ ಯಾರೂ ಕೇಳಲಿಲ್ಲ ಅನ್ನುವುದೂ ನಿಜ.

ಕಲೆಯ ಕಡೆ ‘ಆರ್ಟ್ ಪ್ಲಸ್ ಫೆಮಿನಿಸಂ’ ಬಳಗ 2014ರಿಂದ ಜನರನ್ನು ಕೂಡಿಸಿ ಕಲಾವಿದೆಯರ ಪುಟ ಬರೆಸುತ್ತಿದೆ. ಕನ್ನಡದಲ್ಲೂ ಇಂಥ ಸಂಪಾದನೋತ್ಸವಗಳು ನಡೆದಿವೆ. ಒಂಟಿಯಾಗಿ ಶುರುಮಾಡುವುದಕ್ಕಿಂತ ಅಲ್ಲಿಗೆ ಹೋಗುವುದು ಒಳ್ಳೆಯದು, ಅನುಭವಿಗಳು ಪಕ್ಕದಲ್ಲೇ ಇರುತ್ತಾರೆ.

ಇಂಗ್ಲಿಷ್‌ನಲ್ಲಿ ಅಳಿಸಿದ್ದನ್ನು ಕನ್ನಡದಲ್ಲಿ ಹಾಕಬಹುದಾ?

ಹಾಕಬಹುದು. ಒಂದೊಂದು ಭಾಷೆಯ ವಿಕಿಪೀಡಿಯಕ್ಕೂ ತನ್ನದೇ ಸಮುದಾಯ, ತನ್ನದೇ ತೀರ್ಮಾನ. ಕನ್ನಡದ್ದು 2003ರಲ್ಲಿ ಶುರುವಾಯಿತು, ತುಳುವಿನದು 2016ರಲ್ಲಿ. ಕರ್ನಾಟಕದ ಕಲಾವಿದರ ಮಹತ್ವ ಕನ್ನಡ ಓದುವವರಿಗೆ ಬೇಗ ತಿಳಿಯುತ್ತದೆ ಅನ್ನುವುದು ಸಹಜ. ಆದರೆ ನಮ್ಮಲ್ಲಿ ಸಕ್ರಿಯವಾಗಿ ಬರೆಯುವವರು ಕಡಿಮೆ. ಹಾಗಾಗಿ ಆಧಾರವಿಲ್ಲದ ಪುಟ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಕೂತಿರಬಹುದು. ಅದು ಒಪ್ಪಿಗೆ ಸಿಕ್ಕಂತಲ್ಲ. ಅನುಮಾನವಿದ್ದರೆ ಕನ್ನಡ ವಿಕಿಪೀಡಿಯದವರು ಮಾತಾಡಿಕೊಳ್ಳುವ ‘ಅರಳಿ ಕಟ್ಟೆ’ ಪುಟದಲ್ಲಿ ಮೊದಲೇ ಕೇಳಿ. ಕನ್ನಡದ ಪುಟವನ್ನು ತೋರಿಸಿ ಇಂಗ್ಲಿಷಿನಲ್ಲಿ ವಾದಿಸಲು ಹೋಗಬೇಡಿ, ಒಂದು ವಿಕಿಪೀಡಿಯ ಇನ್ನೊಂದಕ್ಕೆ ಆಧಾರವಾಗುವುದಿಲ್ಲ.

ಕಲಾವಿದರೇ ‘ನನ್ನ ಪುಟ ಬೇಡ’ ಅಂದ್ರೆ ತೆಗೀತಾರಾ?

ತೀರಾ ಹೆಸರಾದವರಾದರೆ ತೆಗೆಯುವುದಿಲ್ಲ. ಅಷ್ಟು ಪ್ರಸಿದ್ಧರಲ್ಲದ, ಬದುಕಿರುವ ವ್ಯಕ್ತಿಯೇ ಕೇಳಿಕೊಂಡು, ಚರ್ಚೆಯಲ್ಲಿ ಒಮ್ಮತ ಬರದಿದ್ದರೆ ಅಳಿಸುವ ಕಡೆಗೆ ಮುಚ್ಚಲು ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವಕಾಶವಿದೆ. ಇದು ಸರಿಯಾದ ನಿಯಮ ಅಂತಲೇ ನನ್ನ ಅಭಿಪ್ರಾಯ. ಪುಟ ಬಂದ ಮೇಲೆ ಅದರಲ್ಲಿ ಹೊಗಳಿಕೆ ಮಾತ್ರ ಇರುವುದಿಲ್ಲ, ಪತ್ರಿಕೆಯಲ್ಲಿ ಬಂದ ವಿವಾದವೂ ಬರುತ್ತದೆ. ಪುಟ ಬೇಕು ಅಂತ ಒತ್ತಾಯಿಸುವ ಕಲಾವಿದರಿಗೆ ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಚರ್ಚೆಯಲ್ಲಿ ಸೋತೆವು, ಪುಟ ಹೋಯ್ತು. ಇನ್ನೇನೂ ಮಾಡೋಕಾಗಲ್ವಾ?

ಆಗುತ್ತದೆ. ಚರ್ಚೆ ಮುಚ್ಚಿದ ರೀತಿಯೇ ತಪ್ಪು ಅನ್ನಿಸಿದರೆ ಮರುಪರಿಶೀಲನೆಗೆ ಹೋಗಬಹುದು. ಆದರೆ ‘ನನಗೆ ಒಪ್ಪಿಗೆಯಿಲ್ಲ’ ಅನ್ನುವುದು ಅಲ್ಲಿ ಕಾರಣವಾಗದು. ಅಳಿಸಿದ ನಿರ್ವಾಹಕರನ್ನು ಸಮಾಧಾನದಿಂದ ಕೇಳಿದರೆ ಪುಟವನ್ನು ಕರಡಾಗಿ ಮರಳಿಸುವುದುಂಟು. ಹಳೆಯ ಪುಟವನ್ನೇ ಮತ್ತೆ ಅಂಟಿಸಬೇಡಿ, ಅದು ತಕ್ಷಣ ಹೋಗುತ್ತದೆ. ಹೊಸ ಆಧಾರ ಸಿಕ್ಕ ಮೇಲೆ ಹೊಸದಾಗಿ ಬರೆಯಿರಿ.

ಅಲ್ಲಿಯವರೆಗೆ ಕಲಾವಿದರ ಹೆಸರು ಬೇರೆ ಕಡೆ ಇರಬಹುದಲ್ಲ. ಆರ್.ಎಂ. ಹಡಪದ್ ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಕಲಿತವರಾದರೆ ಆ ಶಾಲೆಯ ಪುಟದಲ್ಲಿ ಆಧಾರ ಸಮೇತ ಒಂದು ಸಾಲು ಹಾಕಿ. ಕಿನ್ನಾಳದ ಗೊಂಬೆ ಮಾಡುವವರಾದರೆ ಕಿನ್ನಾಳ ಕಲೆಯ ಪುಟದಲ್ಲಿ ಎರಡು ವಾಕ್ಯ ಬರಲಿ. ವಿಕಿಪೀಡಿಯದ ಜೊತೆಗಿರುವ ಮಾಹಿತಿ ಭಂಡಾರ ವಿಕಿಡೇಟಾದಲ್ಲಿ ನಿಯಮ ಇಷ್ಟು ಬಿಗಿಯಿಲ್ಲ, ಹುಟ್ಟಿದ ವರ್ಷ, ಊರು, ಕಲಾಪ್ರಕಾರ ಅಲ್ಲಿ ದಾಖಲಾಗಬಹುದು. ಕಲಾವಿದರ ಫೋಟೋ ನೀವೇ ತೆಗೆದದ್ದಾದರೆ ವಿಕಿಪೀಡಿಯದ ಚಿತ್ರಗಳ ಭಂಡಾರವಾದ ಕಾಮನ್ಸ್‌ಗೆ ಹಾಕಿ. ಆದರೆ ಕಲಾವಿದರ ಚಿತ್ರಕೃತಿಯ ಫೋಟೋ ಹಾಕಲು ಅವರ ಲಿಖಿತ ಒಪ್ಪಿಗೆ ಬೇಕು. ಭಾರತದಲ್ಲಿ ಕೃತಿಯ ಹಕ್ಕು ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ನಿಮಗೆ ಬರವಣಿಗೆ ಒಗ್ಗುತ್ತದೆ ಅಂದರೆ ಇನ್ನೊಂದು ಕೆಲಸ. ನಿಮ್ಮೂರಿನಲ್ಲಿ ಮುಂದಿನ ಪ್ರದರ್ಶನ ನಡೆದಾಗ ಹೋಗಿ ನೋಡಿ, ಪುರವಣಿಯ ಸಂಪಾದಕರಿಗೆ ಒಂದು ವಿಮರ್ಶೆ ಕಳಿಸಿ. ಸ್ನೇಹಿತರ ಪ್ರದರ್ಶನವಾದರೆ ಬೇಡ, ಪರಿಚಯವಿಲ್ಲದವರದನ್ನು ಆರಿಸಿಕೊಳ್ಳಿ. ಯಾರು ದೀಪ ಬೆಳಗಿದರು ಅನ್ನುವುದನ್ನು ಬಿಟ್ಟು, ಗೋಡೆಯ ಮೇಲೆ ಏನಿತ್ತು ಅಂತ ಬರೆಯಿರಿ: ಯಾವ ಮಾಧ್ಯಮ, ಯಾವ ವರ್ಷದ ಕೃತಿ, ಹಿಂದಿನದಕ್ಕಿಂತ ಏನು ಬೇರೆ, ಎಲ್ಲಿ ಕೈ ಸೋತಿದೆ. ಅದು ಅಚ್ಚಾದರೆ ಮುಂದೊಂದು ದಿನ ಬೇರೆಯವರು ಪುಟ ಬರೆಯುವಾಗ ಲೆಕ್ಕಕ್ಕೆ ಬರುವ ಉಲ್ಲೇಖ ಅದೇ ಆಗಬಹುದು. ಆ ಪುಟವನ್ನು ನೀವೇ ಬರೆಯಲು ಹೋಗಬೇಡಿ, ಬೇರೆಯವರಿಗೆ ಬಿಡಿ.